ಮಣ್ಣುಮುಕ್ಕ ಹಾವು: ಸಾಕಣೆಯ ಭ್ರಮೆಯೂ ತೋಟದಲ್ಲಿ ಅದರ ಉಪಯೋಗವೂ

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ ಹೋಬಳಿಯೂ, ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ಸೀಮೆಗಳೂ ತೆಂಗಿನ ಬೆಳೆಗೆ ಹೆಸರುವಾಸಿಯಾದ ಪ್ರದೇಶಗಳು. ಇಲ್ಲಿಯ ಕೆಂಪು ಮರಳುಮಿಶ್ರ ಭೂಮಿಯಲ್ಲಿ ಗುದ್ದಲಿ ಹಾಕತಕ್ಕ ರೈತರಲ್ಲಿ ಮಣ್ಣುಮುಕ್ಕ ಹಾವನ್ನು ಕಾಣದವರು ವಿರಳ. ಪಾತಿ ಬಿಡಿಸುವಾಗಲೋ, ಬದುವನ್ನು ಕಡಿಯುವಾಗಲೋ, ಮಟ್ಟೆಯ ರಾಶಿಯನ್ನು ತೆಗೆಯುವಾಗಲೋ ಹೊರಬಿದ್ದು, ವೇಗವಾಗಿ ಓಡಲಾರದೆ, ಕಚ್ಚಲೂ ಹೋಗದೆ, ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ಮರೆಮಾಡಿಕೊಳ್ಳುವ ಈ ಪ್ರಾಣಿಯನ್ನು ಹಿಂದೆ ಜನರು ಹೆದರಿಕೆಯಿಂದ ಕೊಲ್ಲುತ್ತಿದ್ದರು. ಈಚೆಗೆ ಹೆದರಿಕೆಯ ಜಾಗದಲ್ಲಿ ಆಸೆ ಬಂದು ಕುಳಿತಿದೆ. ಒಂದು ಹಾವಿಗೆ ಲಕ್ಷಗಟ್ಟಲೆ ರೂಪಾಯಿ ಬೆಲೆಯುಂಟೆಂದೂ, ಜೋಡಿಯನ್ನು ಹಿಡಿದು ಪೆಟ್ಟಿಗೆಯಲ್ಲಿ ಸಾಕಿ ಮರಿಮಾಡಿಸಿದರೆ ತೆಂಗಿನ ತೋಟಕ್ಕಿಂತ ಹೆಚ್ಚಿನ ಆದಾಯ ಬರುವುದೆಂದೂ ನಂಬಿಸುವ ದಳ್ಳಾಳಿಗಳು ಉಂಟು. ಮೊಬೈಲ್ ಫೋನಿನಲ್ಲಿ ಹರಿದಾಡುವ ಚಿತ್ರಗಳೂ ಇದೇ ಮಾತನ್ನು ಹರಡುತ್ತಿವೆ.

ಈ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ಗ್ರಾಮದ ಯಜಮಾನರೂ ತೋಟದ ಮಾಲೀಕರೂ ಮೊದಲೇ ತಿಳಿದಿದ್ದರೆ, ಊರಿನ ಹುಡುಗರು ಸೆರೆಮನೆಗೆ ಹೋಗುವುದನ್ನೂ ಮನೆಯ ಹಣ ಮೋಸಗಾರರ ಪಾಲಾಗುವುದನ್ನೂ ತಪ್ಪಿಸಬಹುದು. ಆದುದರಿಂದ ಈ ಹಾವಿನ ಜಾತಿ ಯಾವುದು, ಇದರ ಬಂಧುಗಳಾದ ಬೋವಾ ಹಾವುಗಳನ್ನು ಹೊರದೇಶಗಳಲ್ಲಿ ಸಾಕಿ ಮರಿಮಾಡಿಸುವ ಕ್ರಮವೇನು, ಆ ಕಸಬು ಇಲ್ಲಿ ಏತಕ್ಕೆ ನಡೆಯಲಾರದು, ಹಾವನ್ನು ತೋಟದಲ್ಲಿಯೇ ಬಿಟ್ಟರೆ ಆಗುವ ಪ್ರಯೋಜನವೇನು ಎಂಬ ಸಂಗತಿಗಳನ್ನು ಕೆಳಗೆ ಕ್ರಮವಾಗಿ ವಿವರಿಸಲಾಗಿದೆ.

ಹಾವಿನ ಜಾತಿ ಮತ್ತು ಗುರುತು

ಮಣ್ಣುಮುಕ್ಕ ಎಂಬ ಹೆಸರಿನಿಂದ ನಮ್ಮ ಜನರು ಎರಡು ಬಗೆಯ ಹಾವುಗಳನ್ನು ಕರೆಯುತ್ತಾರೆ. ಮೊದಲನೆಯದು ಕೆಂಪು ಮಣ್ಣುಮುಕ್ಕ. ಇದಕ್ಕೆ ಎರಡು ತಲೆಯ ಹಾವು ಎಂಬ ಹೆಸರೂ ಉಂಟು. ಮೈ ದುಂಡಗೆ, ನುಣುಪಾಗಿ, ಉದ್ದಕ್ಕೂ ಒಂದೇ ಬಗೆಯ ಕಂದು ಅಥವಾ ಕೆಂಗಂದು ಬಣ್ಣವಾಗಿರುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ ಎರಡರಿಂದ ಮೂರು ಅಡಿ ಉದ್ದವಿರುವುದು. ನಾಲ್ಕು ಅಡಿ ಮುಟ್ಟುವುದು ಅಪರೂಪ. ಬಾಲವು ಮೊನಚಾಗಿರದೆ ತಲೆಯಂತೆಯೇ ಮೊಂಡಾಗಿರುವುದೇ ಇದರ ಮುಖ್ಯ ಗುರುತು. ಎರಡನೆಯದು ಒರಟು ಮೈಯ ಮಣ್ಣುಮುಕ್ಕ. ಇದು ಗಿಡ್ಡಗೆ ದಪ್ಪವಾಗಿದ್ದು, ಮೈಮೇಲೆ ಅಂಕುಡೊಂಕಾದ ಕಂದು ಮಚ್ಚೆಗಳನ್ನು ಹೊಂದಿರುತ್ತದೆ. ಬಾಲ ಬಹಳ ಗಿಡ್ಡ, ಮುಟ್ಟಲು ಒರಟು. ಎರಡಕ್ಕೂ ವಿಷವಿಲ್ಲ. ಎರಡೂ ಹಗಲು ಮಣ್ಣಿನೊಳಗಿದ್ದು ರಾತ್ರಿ ಆಹಾರವನ್ನು ಹುಡುಕುತ್ತವೆ.

ಇವು ಬೋವಾ ವರ್ಗಕ್ಕೆ ಸೇರಿದವು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ಕೆಂಪು ಮಣ್ಣುಮುಕ್ಕವನ್ನು 1801ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದಾಗ ಅದನ್ನು ಬೋವಾ ಕುಲದಲ್ಲಿಯೇ ಇರಿಸಿದ್ದನು. ಪ್ರಸಿದ್ಧವಾದ ಬೋವಾ ಕನ್‌ಸ್ಟ್ರಿಕ್ಟರ್ ಹಾವಿನ ನೆಲೆ ಅಮೆರಿಕಾ ಖಂಡಗಳ ಉಷ್ಣ ಪ್ರದೇಶ. ಅದು ನಮ್ಮ ದೇಶದ್ದಲ್ಲ. ಆದರೂ ದೊಡ್ಡದಾದ ಬೋವಾಕ್ಕೂ ನಮ್ಮ ಸಣ್ಣ ಮಣ್ಣುಮುಕ್ಕಕ್ಕೂ ನಡತೆಯಲ್ಲಿ ಹೋಲಿಕೆಯುಂಟು. ಎರಡೂ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲತಕ್ಕವು. ಎರಡೂ ಮೊಟ್ಟೆಯನ್ನು ಹೊರಗಿಡದೆ, ಹೊಟ್ಟೆಯೊಳಗೇ ಬೆಳೆಸಿ, ಜೀವಂತ ಮರಿಗಳನ್ನು ಹಾಕತಕ್ಕವು. ನಮ್ಮ ಕಾಡಿನ ಹೆಬ್ಬಾವಾದರೋ ಹಾಗಲ್ಲ. ಅದು ಮೊಟ್ಟೆಯಿಟ್ಟು, ಮೊಟ್ಟೆಗಳ ಸುತ್ತಲೂ ಸುತ್ತಿಕೊಂಡಿದ್ದು ಮರಿಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಒರಟು ಮೈಯ ಮಣ್ಣುಮುಕ್ಕವೂ ಮಹಾ ವಿಷಕಾರಿಯಾದ ಕೊಳಕುಮಂಡಲವೂ ಮಬ್ಬುಬೆಳಕಿನಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯ ಕೊಂಡಿಗಳಂತೆ ದುಂಡು ಮಚ್ಚೆಗಳ ಮೂರು ಸಾಲುಗಳಿರುತ್ತವೆ, ತಲೆ ಅಗಲವಾಗಿ ತ್ರಿಕೋನಾಕಾರವಾಗಿರುವುದು, ಕತ್ತು ಸಣ್ಣದು, ಕೆಣಕಿದರೆ ತಿದಿಯೊತ್ತಿದಂತೆ ಗಟ್ಟಿಯಾಗಿ ಬುಸುಗುಟ್ಟುವುದು. ಮಣ್ಣುಮುಕ್ಕದ ತಲೆ ಕತ್ತಿನಷ್ಟೇ ದಪ್ಪ. ಕಣ್ಣು ಬಹಳ ಸಣ್ಣದು. ಆದರೂ ಈ ಗುರುತುಗಳನ್ನು ನಂಬಿಕೊಂಡು ಯಾವ ಹಾವಿಗೂ ಕೈಹಾಕತಕ್ಕದ್ದಲ್ಲ. ದುಡ್ಡಿನ ಆಸೆಯಿಂದ ರಾತ್ರಿ ದೀಪ ಹಿಡಿದು ಬದುಗಳಲ್ಲಿ ಮಣ್ಣುಮುಕ್ಕವನ್ನು ಹುಡುಕತಕ್ಕವನ ಕೈಗೆ ಮೊದಲು ಸಿಕ್ಕುವುದು ಕೊಳಕುಮಂಡಲವೇ ಆಗಿರಬಹುದು.

ಜನರಲ್ಲಿರುವ ತಪ್ಪು ತಿಳಿವಳಿಕೆಗಳು

ಈ ಹಾವಿಗೆ ಎರಡು ತಲೆಗಳಿವೆ, ಆರು ತಿಂಗಳು ಒಂದು ತಲೆಯ ಕಡೆಗೂ ಆರು ತಿಂಗಳು ಇನ್ನೊಂದು ತಲೆಯ ಕಡೆಗೂ ಹರಿಯುತ್ತದೆ ಎಂಬ ನಂಬಿಕೆ ಹಳೆಯದು. ಇದು ನಿಜವಲ್ಲ. ಅಪಾಯ ಬಂದಾಗ ತಲೆಯನ್ನು ಸುರುಳಿಯ ಕೆಳಗೆ ಅಡಗಿಸಿ ಮೊಂಡು ಬಾಲವನ್ನು ಮೇಲೆತ್ತಿ ತೋರಿಸುವುದು ಇದರ ಆತ್ಮರಕ್ಷಣೆಯ ಉಪಾಯ. ಶತ್ರುವು ಬಾಲವನ್ನೇ ತಲೆಯೆಂದು ತಿಳಿದು ಅದಕ್ಕೆ ಪೆಟ್ಟುಕೊಟ್ಟರೆ ಹಾವಿನ ಪ್ರಾಣ ಉಳಿಯುತ್ತದೆ. ಹಾವಾಡಿಗರಲ್ಲಿ ಕೆಲವರು ಬಾಲಕ್ಕೆ ಗಾಯಮಾಡಿ ಬಾಯಿಯಂತೆ ತೋರುವ ಗುರುತನ್ನು ಮಾಡಿ ಜನರನ್ನು ನಂಬಿಸುತ್ತಿದ್ದುದೂ ಉಂಟು.

ಇದು ನೆಕ್ಕಿದರೆ ಕುಷ್ಠರೋಗ ಬರುತ್ತದೆಂಬ ಭಯವೂ ಆಧಾರವಿಲ್ಲದ್ದು. ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿಯೇ ಕಂಡುಹಿಡಿದನು. ಹಾವಿಗೂ ಆ ರೋಗಕ್ಕೂ ಸಂಬಂಧವಿಲ್ಲ.

ಹಳೆಯ ಭಯಕ್ಕಿಂತ ಹೆಚ್ಚು ಕೇಡನ್ನು ಮಾಡುತ್ತಿರುವುದು ಹೊಸ ನಂಬಿಕೆ. ಇದನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ಇದರಿಂದ ವಾಸಿಯಾಗದ ರೋಗಗಳಿಗೆ ಔಷಧ ತಯಾರಿಸುತ್ತಾರೆ, ಹೊರದೇಶದವರು ತೂಕದ ಮೇಲೆ ಕೊಳ್ಳುತ್ತಾರೆ ಎಂಬ ಮಾತುಗಳಿಗೆ ಯಾವ ವೈದ್ಯಶಾಸ್ತ್ರದ ಆಧಾರವೂ ಇಲ್ಲ. ವಿಷವಿರುವ ಹಾವಿಗಾದರೂ ಒಂದು ನಿಜವಾದ ಉಪಯೋಗವುಂಟು. ತಮಿಳುನಾಡಿನ ವಡನೆಮ್ಮೇಲಿಯಲ್ಲಿ ಇರುಳ ಜನಾಂಗದವರ ಸಹಕಾರ ಸಂಘವೊಂದು 1978ರಲ್ಲಿ ಸ್ಥಾಪನೆಯಾಯಿತು. ಅದರ ಸದಸ್ಯರು ಸರ್ಕಾರದ ಅಪ್ಪಣೆ ಪಡೆದು ವಿಷಸರ್ಪಗಳನ್ನು ಹಿಡಿದು, ಕೆಲವು ವಾರಗಳ ಕಾಲ ಇಟ್ಟುಕೊಂಡು, ವಿಷವನ್ನು ತೆಗೆದು, ಹಾವನ್ನು ಮರಳಿ ಬಿಡುತ್ತಾರೆ. ಆ ವಿಷದಿಂದ ಹಾವು ಕಡಿದವರಿಗೆ ಕೊಡುವ ಔಷಧ ತಯಾರಾಗುತ್ತದೆ. ಮಣ್ಣುಮುಕ್ಕದಲ್ಲಿ ವಿಷವೇ ಇಲ್ಲದಿರುವುದರಿಂದ ಆ ಉಪಯೋಗವೂ ಇಲ್ಲ.

ಹೊರದೇಶಗಳಲ್ಲಿ ಬೋವಾ ಸಾಕಣೆಯ ಕ್ರಮ

ದಳ್ಳಾಳಿಗಳು ಆಧಾರವಾಗಿ ತೋರಿಸುವುದು ಅಮೆರಿಕಾ ಮತ್ತು ಯೂರೋಪಿನ ಸಾಕಣೆಗಾರರ ಚಿತ್ರಗಳನ್ನು. ಅಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಹಾವನ್ನು ಮನೆಗಳಲ್ಲಿ ಸಾಕಿ ಮರಿಮಾಡಿಸುವುದು ನಿಜ. ಆದರೆ ಆ ಕೆಲಸ ಎಂಥಾದ್ದೆಂಬುದನ್ನು ತಿಳಿದವನು ಅದನ್ನು ಸುಲಭವಾದ ಆದಾಯವೆಂದು ಹೇಳಲಾರನು.

ಬೆಳೆದ ಬೋವಾ ಆರರಿಂದ ಹತ್ತು ಅಡಿ ಉದ್ದವಾಗುವುದು. ಅದು ಮೈಚಾಚಿ ತಿರುಗುವಷ್ಟು ದೊಡ್ಡ ಪೆಟ್ಟಿಗೆ ಬೇಕು. ಹಾವಿನ ದೇಹ ತನ್ನ ಶಾಖವನ್ನು ತಾನೇ ಉಂಟುಮಾಡಿಕೊಳ್ಳಲಾರದ್ದರಿಂದ, ಪೆಟ್ಟಿಗೆಯ ಒಂದು ಕಡೆ ಸುಮಾರು 32 ಡಿಗ್ರಿ ಸೆಂಟಿಗ್ರೇಡ್ ಶಾಖವೂ ಇನ್ನೊಂದು ಕಡೆ ಸುಮಾರು 26 ಡಿಗ್ರಿಯೂ ಇರುವಂತೆ ಹಗಲಿರುಳೂ ನೋಡಿಕೊಳ್ಳಬೇಕು. ಶಾಖ ಕಡಮೆಯಾದರೆ ತಿಂದ ಆಹಾರ ಜೀರ್ಣವಾಗದೆ ಹೊರಬರುವುದು; ಹೆಚ್ಚಾದರೆ ಹಾವು ಸಾಯುವುದು. ಹೆಣ್ಣು ಮರಿಹಾಕುವ ವಯಸ್ಸಿಗೆ ಬರಲು ಮೂರರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಗಂಡನ್ನು ಗುರುತಿಸುವುದಕ್ಕೆ ಗುದದ್ವಾರದ ಎರಡು ಪಕ್ಕಗಳಲ್ಲಿರುವ ಸಣ್ಣ ಕೊಕ್ಕೆಗಳನ್ನು ನೋಡುತ್ತಾರೆ; ಪೂರ್ವಕಾಲದ ಹಿಂಗಾಲುಗಳ ಗುರುತಾದ ಇವು ಗಂಡಿನಲ್ಲಿ ದೊಡ್ಡವು. ಚಳಿಗಾಲದಲ್ಲಿ ರಾತ್ರಿಯ ಶಾಖವನ್ನು ಸ್ವಲ್ಪ ಇಳಿಸಿ, ಬೆಳಕಿನ ಹೊತ್ತನ್ನು ಕಡಮೆಮಾಡಿ, ಗಂಡುಹೆಣ್ಣುಗಳನ್ನು ಸೇರಿಸುತ್ತಾರೆ. ಗರ್ಭ ನಿಂತ ಮೇಲೆ ಮರಿ ಹುಟ್ಟಲು ನಾಲ್ಕು ತಿಂಗಳಿಗೆ ಕಡಮೆಯಿಲ್ಲ. ಒಂದು ಸೂಲಿನಲ್ಲಿ ಸುಮಾರು ಇಪ್ಪತ್ತೈದು ಮರಿಗಳು ಬರಬಹುದು. ಪ್ರತಿಯೊಂದು ಮರಿಯನ್ನೂ ಬೇರೆ ಪೆಟ್ಟಿಗೆಯಲ್ಲಿಟ್ಟು, ಮೊದಲ ಪೊರೆ ಬಿಟ್ಟ ಮೇಲೆ ವಾರಕ್ಕೊಂದು ಇಲಿಮರಿಯನ್ನು ತಿನ್ನಿಸಬೇಕು. ಅಂದರೆ ಹಾವು ಸಾಕತಕ್ಕವನು ಅದಕ್ಕಿಂತ ಮೊದಲು ಇಲಿಯನ್ನು ಸಾಕಬೇಕಾಗುವುದು.

ಇದರ ಮೇಲೆ ರೋಗಗಳ ಕಾಟ. ಉಣ್ಣೆ, ಬಾಯಿಹುಣ್ಣು, ಶ್ವಾಸಕೋಶದ ರೋಗ ಇವಲ್ಲದೆ, ಬೋವಾ ಹಾವುಗಳಿಗೆ ವೈರಸ್ಸಿನಿಂದ ಬರುವ ಒಂದು ಅಂಟುರೋಗವುಂಟು. ಅದರ ವೈರಸ್ಸನ್ನು 2012ರಲ್ಲಿ ಗುರುತಿಸಲಾಯಿತು. ಅದಕ್ಕೆ ಔಷಧವಿಲ್ಲದ್ದರಿಂದ ರೋಗ ಹೊಕ್ಕ ಸಾಕಣೆಯ ಹಾವುಗಳೆಲ್ಲವೂ ನಾಶವಾಗುವ ಸಂಭವವುಂಟು.

ಬೇಸರಗೊಂಡ ಸಾಕಣೆಗಾರರು ಹಾವನ್ನು ಹೊರಗೆ ಬಿಟ್ಟರೆ ಆಗುವ ಕೇಡನ್ನೂ ಆ ದೇಶಗಳು ಕಂಡಿವೆ. ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ ಬೋವಾ ಮೊದಲು ಕಂಡುಬಂದದ್ದು 1999ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ದ್ವೀಪದಲ್ಲೆಲ್ಲ ಹರಡಿ ಅಲ್ಲಿಯ ಪಕ್ಷಿಗಳನ್ನೂ ಹಲ್ಲಿಗಳನ್ನೂ ತಿನ್ನತೊಡಗಿತು. ಅಮೆರಿಕಾದ ಫ್ಲಾರಿಡಾ ಪ್ರಾಂತದ ಜೌಗುಸೀಮೆಯಲ್ಲಿ ಏಷ್ಯಾದಿಂದ ತಂದ ಹೆಬ್ಬಾವುಗಳು ಇದೇ ರೀತಿ ಹೆಚ್ಚಿ, ಅವುಗಳನ್ನು ಅಡಗಿಸಲು ಅಲ್ಲಿಯ ಸರ್ಕಾರ ಇಂದಿಗೂ ಹೆಣಗುತ್ತಿದೆ.

ಮಣ್ಣುಮುಕ್ಕದ ಸಾಕಣೆ: ಲಾಭನಷ್ಟದ ಲೆಕ್ಕ

ಕೆಂಪು ಮಣ್ಣುಮುಕ್ಕದ ಸೂಲು ಬೋವಾದ ಸೂಲಿಗಿಂತ ಬಹಳ ಚಿಕ್ಕದು. ಸಾಮಾನ್ಯವಾಗಿ ಆರರಿಂದ ಎಂಟು ಮರಿಗಳು, ಹೆಚ್ಚೆಂದರೆ ಹದಿನಾಲ್ಕು. ಹೆಣ್ಣು ಬೆಳೆಯಲು ವರ್ಷಗಳು ಬೇಕು. ಬೆಳೆದ ಮೇಲೂ ಪ್ರತಿ ವರ್ಷವೂ ಮರಿಹಾಕುವುದೆಂಬ ಭರವಸೆಯಿಲ್ಲ. ತೋಟದಿಂದ ಹಿಡಿದು ತಂದ ಹಾವು ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಆಹಾರವನ್ನು ಮುಟ್ಟದೆ ಸೊರಗಿ ಸಾಯುವುದೂ ಉಂಟು. ಆರು ವರ್ಷ ಕಾದು ಎರಡು ಸೂಲು ಬಂದರೆ, ಸಾಯುವ ಮರಿಗಳನ್ನು ಕಳೆಯುವುದಕ್ಕೆ ಮೊದಲು, ಹನ್ನೆರಡರಿಂದ ಹದಿನಾರು ಮರಿಗಳಾದುವು. ಅಷ್ಟು ಕಾಲದಲ್ಲಿ ನೆಟ್ಟ ತೆಂಗಿನ ಸಸಿಯು ಹೊಂಬಾಳೆ ಬಿಡುವ ಹಂತಕ್ಕೆ ಬಂದಿರುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಮತ್ತೊಂದಿದೆ. ಆ ಮರಿಯನ್ನು ಕೊನೆಗೆ ಕೊಳ್ಳತಕ್ಕವನು ಯಾರು? ಕೊಬ್ಬರಿಯನ್ನು ತಿನ್ನುವವರಿದ್ದಾರೆ, ಅಡಿಕೆಯನ್ನು ಅಗಿಯುವವರಿದ್ದಾರೆ, ರೇಷ್ಮೆಯನ್ನು ಉಡುವವರಿದ್ದಾರೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಯಾವ ಬೆಲೆಗೆ ಹೋಯಿತೆಂಬುದು ಬಹಿರಂಗವಾಗಿ ಎಲ್ಲರಿಗೂ ತಿಳಿಯುತ್ತದೆ. ಮಣ್ಣುಮುಕ್ಕವನ್ನು ತಿನ್ನುವವರಿಲ್ಲ, ಉಡುವವರಿಲ್ಲ, ಔಷಧಕ್ಕೆ ಬಳಸುವವರಿಲ್ಲ. ಕೊಂಡವನು ಇನ್ನೊಬ್ಬನಿಗೆ ಮಾರುವ ಆಸೆಯಿಂದ ಮಾತ್ರ ಕೊಳ್ಳುತ್ತಾನೆ. ಆ ಇನ್ನೊಬ್ಬನೂ ಮತ್ತೊಬ್ಬನನ್ನು ಹುಡುಕುತ್ತಾನೆ. ಹೀಗೆ ಕೈಯಿಂದ ಕೈಗೆ ಹೋಗುವ ವ್ಯಾಪಾರದಲ್ಲಿ ಕೊನೆಯ ಕೊಳ್ಳುವವನು ಎಂದೂ ಸಿಕ್ಕುವುದಿಲ್ಲ. ಹಾವು ಮಾತ್ರ ಚೀಲದಲ್ಲಿ ಸಾಯುತ್ತದೆ.

ಹಾಗಾದರೆ ಇದರಲ್ಲಿ ಹಣ ಮಾಡತಕ್ಕವರು ಯಾರೆಂದರೆ, ಮುಂಗಡವನ್ನು ಈಸಿಕೊಳ್ಳತಕ್ಕವರು. ಉದಾಹರಣೆಗೆ, ಎರಡು ಎಕರೆ ತೋಟದ ರೈತನ ಮಗನಿಗೆ ಬದುವಿನಲ್ಲಿ ಒಂದು ಮಣ್ಣುಮುಕ್ಕ ಸಿಕ್ಕಿತೆಂದು ಭಾವಿಸಬಹುದು. ಅವನು ಅದರ ಚಿತ್ರವನ್ನು ಯಾರಿಗೋ ಕಳುಹಿಸುತ್ತಾನೆ. ಮರುದಿನವೇ ಒಬ್ಬನು ಕಾರಿನಲ್ಲಿ ಬಂದು ಅಳೆದು ತೂಗಿ, "ತೂಕ ಸ್ವಲ್ಪ ಕಡಮೆ, ಇನ್ನಷ್ಟು ಬೆಳೆಸಿದರೆ ಬೆಲೆ ಹತ್ತು ಪಾಲು" ಎನ್ನುತ್ತಾನೆ. ಎರಡನೆಯವನು ಬಂದು, ಪಟ್ಟಣದಿಂದ ಪರೀಕ್ಷಕನನ್ನು ಕರೆತರಲು ಖರ್ಚಿಗೆಂದು ಹಣ ಕೇಳುತ್ತಾನೆ. ಮೂರನೆಯವನು ಜೋಡಿ ಇಲ್ಲದೆ ಪ್ರಯೋಜನವಿಲ್ಲವೆಂದು ಹೇಳಿ, ಹೆಣ್ಣುಹಾವೊಂದನ್ನು ತಂದುಕೊಡುವುದಾಗಿ ಮುಂಗಡ ಪಡೆಯುತ್ತಾನೆ. ಅಟ್ಟದ ಮೇಲಿನ ಕೊಬ್ಬರಿ ಮಾರಿದ ಹಣ ಹೀಗೆ ಮೂರು ಕಂತಿನಲ್ಲಿ ಹೋಗುತ್ತದೆ. ಕೊನೆಗೆ ಬಂದವರು ಕೊಳ್ಳುವವರಂತೆ ವೇಷ ಹಾಕಿದ ಪೊಲೀಸರಾಗಿರುತ್ತಾರೆ. ಹಣ ಈಸಿಕೊಂಡವರು ಆ ಹೊತ್ತಿಗೆ ಊರಿನ ಸುತ್ತಮುತ್ತಲೆಲ್ಲಿಯೂ ಇರುವುದಿಲ್ಲ. ಕೈಯಲ್ಲಿ ಹಾವನ್ನು ಹಿಡಿದು ನಿಂತವನು ರೈತನ ಮಗನೊಬ್ಬನೇ. ಹಣ ಕಳೆದುಕೊಂಡವನು ದೂರು ಕೊಡಲು ಹೆದರುವನೆಂಬ ಧೈರ್ಯವೇ ಈ ಮೋಸಗಾರರ ಬಂಡವಾಳ.

ಇದು ಒಂದು ಊರಿನ ಪಾಡಲ್ಲ. ಕೆಂಪು ಮಣ್ಣುಮುಕ್ಕದ ಕಳ್ಳವ್ಯಾಪಾರದ ಬಗ್ಗೆ ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯ ಭಾರತ ಶಾಖೆಯವರು ಪತ್ರಿಕಾ ವರದಿಗಳಿಂದ ಸಂಗ್ರಹಿಸಿದ ಲೆಕ್ಕದ ಪ್ರಕಾರ, 2016ರಿಂದ 2021ರವರೆಗೆ ದೇಶದಲ್ಲಿ ಹಾವನ್ನು ವಶಪಡಿಸಿಕೊಂಡ 172 ಪ್ರಸಂಗಗಳು ನಡೆದಿವೆ. ಇವು ಬೆಳಕಿಗೆ ಬಂದವು ಮಾತ್ರ.

ಶಾಸನದ ನಿಬಂಧನೆಗಳು

1972ರ ವನ್ಯಜೀವಿ ಸಂರಕ್ಷಣಾ ಶಾಸನವು ಮಣ್ಣುಮುಕ್ಕಕ್ಕೂ ಹೆಬ್ಬಾವಿಗೂ ರಕ್ಷಣೆ ಕೊಟ್ಟಿದೆ. ಈ ಶಾಸನದಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದೂ, ಬಲೆಯೊಡ್ಡುವುದೂ, ಹಾಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ ಆಗುತ್ತದೆ. ನಿಯಮಕ್ಕೆ ವಿರುದ್ಧವಾಗಿ ಹಿಡಿದ ಪ್ರಾಣಿಯೂ, ಸೆರೆಯಲ್ಲಿಟ್ಟು ಸಾಕಿದ ಅಥವಾ ಮರಿಮಾಡಿಸಿದ ಪ್ರಾಣಿಯೂ ಸರ್ಕಾರದ ಸ್ವತ್ತೆಂದು 39ನೆಯ ಪ್ರಕರಣ ಹೇಳುತ್ತದೆ. ಆದುದರಿಂದ "ಇದು ಕಾಡಿನದಲ್ಲ, ನಮ್ಮ ಮನೆಯಲ್ಲಿ ಹುಟ್ಟಿದ ಮರಿ" ಎಂಬ ಸಮಾಧಾನ ನಡೆಯುವುದಿಲ್ಲ. "ನಮ್ಮ ಪಟ್ಟಾ ಜಮೀನಿನಲ್ಲಿ ಸಿಕ್ಕಿತು" ಎಂಬುದೂ ನಡೆಯುವುದಿಲ್ಲ. ಇಂಥಾ ಪ್ರಾಣಿ ಯಾವ ರೀತಿಯಿಂದಲೇ ಆಗಲಿ ಕೈಗೆ ಬಂದರೆ 48 ಗಂಟೆಗಳೊಳಗಾಗಿ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕಾರವುಳ್ಳ ಅರಣ್ಯಾಧಿಕಾರಿಗೆ ತಿಳಿಸತಕ್ಕದ್ದು.

2022ರ ತಿದ್ದುಪಡಿಯ ಪ್ರಕಾರ ಶಾಸನವನ್ನು ಮೀರಿದವನಿಗೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ ಆಗಬಹುದು. ಒಂದನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಸಜೆ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಏಳು ವರ್ಷದವರೆಗೆ ಇರುವುದು. ನಮ್ಮ ಹೆಬ್ಬಾವು ಈ ಅನುಸೂಚಿಗೆ ಸೇರಿದೆ. ಅಪರಾಧಕ್ಕೆ ನೆರವಾದವನೂ ಅಪರಾಧಿಯೇ. ಹಾವನ್ನು ಸಾಗಿಸಿದ ಗಾಡಿಯನ್ನೂ ವಶಪಡಿಸಿಕೊಳ್ಳುವ ಅಧಿಕಾರ ಉಂಟು.

ವಿದೇಶದ ಬೋವಾ ಹಾವನ್ನು ಇಟ್ಟುಕೊಂಡವರಿಗೂ ನಿಯಮಗಳಿವೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥಾ ಪ್ರಾಣಿಗಳನ್ನು ಹೊಂದಿರುವವರು 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಂತೆ, ಪರಿವೇಶ್ ಎಂಬ ಜಾಲತಾಣದ ಮೂಲಕ ನೋಂದಣಿ ಮಾಡಿಸಿ, ಹುಟ್ಟು, ಸಾವು, ಕೈಬದಲಾವಣೆಗಳನ್ನು ವರದಿ ಮಾಡತಕ್ಕದ್ದು. ದಾಖಲೆಯಿಲ್ಲದೆ ಪೇಟೆಯಲ್ಲಿ ಸಿಕ್ಕುವ ವಿದೇಶೀ ಹಾವಿನ ಮರಿಯನ್ನು ಕೊಂಡು ತರುವುದು ತೊಂದರೆಯನ್ನು ಕೊಂಡು ತಂದಂತೆಯೇ ಸರಿ.

ತೋಟದಲ್ಲಿ ಮಣ್ಣುಮುಕ್ಕದ ಕೆಲಸ

ಪೆಟ್ಟಿಗೆಯಲ್ಲಿಟ್ಟರೆ ಯಾರಿಗೂ ಉಪಯೋಗವಿಲ್ಲದ ಈ ಹಾವು ಬದುವಿನಲ್ಲಿದ್ದರೆ ಸಂಬಳವಿಲ್ಲದ ಆಳು. ಇದರ ಮುಖ್ಯ ಆಹಾರ ಇಲಿ. ಇಲಿಯ ಬಿಲದೊಳಕ್ಕೆ ನುಗ್ಗಿ, ಗೂಡಿನಲ್ಲಿರುವ ಮರಿಗಳ ಸಹಿತ ತಿನ್ನಬಲ್ಲದ್ದು ಇದರ ವಿಶೇಷ. ಗೂಬೆಯೂ ಬೆಕ್ಕೂ ಬಿಲದ ಹೊರಗೆ ಬಂದ ಇಲಿಯನ್ನು ಮಾತ್ರ ಹಿಡಿಯಬಲ್ಲವು.

ಇಲಿಯ ಸಂತಾನ ಎಷ್ಟು ಬೇಗ ಬೆಳೆಯುವುದೆಂಬುದು ರೈತರಿಗೆ ತಿಳಿಯದ್ದಲ್ಲ. ಗರ್ಭ ನಿಂತು ಸುಮಾರು ಮೂರು ವಾರದಲ್ಲಿ ಹೆಣ್ಣಿಲಿ ಈಯುತ್ತದೆ. ಒಂದು ಸಲಕ್ಕೆ ಆರೆಂಟು ಮರಿಗಳು. ಆ ಮರಿಗಳು ಕೆಲವು ತಿಂಗಳಲ್ಲಿಯೇ ತಾವೂ ಮರಿಹಾಕುತ್ತವೆ. ಒಂದು ಇಲಿ ದಿನಕ್ಕೆ ಹತ್ತು ಗ್ರಾಂ ಕಾಳನ್ನು ತಿನ್ನುವುದೆಂದು ಕಡಮೆಯಾಗಿಯೇ ಲೆಕ್ಕ ಹಿಡಿದರೂ, ಆರು ತಿಂಗಳಿಗೆ 1 ಕಿಲೋ 800 ಗ್ರಾಂ ಆಗುತ್ತದೆ. ಒಂದು ಮಣ್ಣುಮುಕ್ಕವು ವರ್ಷಕ್ಕೆ ಇಪ್ಪತ್ತೈದು ಇಲಿಗಳನ್ನು ತಿಂದರೆ, ಈ ಲೆಕ್ಕದಂತೆ 45 ಕಿಲೋ ರಾಗಿ ಉಳಿದಂತಾಯಿತು. ತಿಂದ ಇಲಿಗಳಿಂದ ಹುಟ್ಟಬೇಕಾಗಿದ್ದ ಮರಿಗಳನ್ನು ಇದರಲ್ಲಿ ಸೇರಿಸಿಲ್ಲ. ತಿನ್ನುವುದಕ್ಕಿಂತ ಹೆಚ್ಚಾಗಿ ಕಡಿದು ಹಾಳುಮಾಡುವುದನ್ನೂ ಸೇರಿಸಿಲ್ಲ. ಇದು ಅಂದಾಜಿನ ಲೆಕ್ಕವೇ ಆದರೂ, ಬದುವಿನಲ್ಲಿ ಎರಡು ಮೂರು ಹಾವುಗಳಿದ್ದರೆ ಕಣದ ಕಾಳಿಗೆ ಎಷ್ಟು ಕಾವಲೆಂಬುದನ್ನು ತೋರಿಸುತ್ತದೆ.

ಹಾವಿನಿಂದ ಆಗದ ಕೆಲಸವನ್ನೂ ಹೇಳುವುದು ನ್ಯಾಯ. ತೆಂಗಿನ ಮರದ ತಲೆಯಲ್ಲಿ ಗೂಡುಮಾಡಿ, ಎಳೆಯ ಕಾಯಿಗಳನ್ನು ತೊಟ್ಟಿನ ಬಳಿಯಲ್ಲಿ ಕೊರೆದು ಉದುರಿಸುವ ಇಲಿಯನ್ನು ಮಣ್ಣುಮುಕ್ಕ ಹಿಡಿಯಲಾರದು. ಅದು ಮರ ಹತ್ತುವ ಹಾವಲ್ಲ. ಅಲ್ಲಿಗೆ ಹತ್ತಬಲ್ಲದ್ದು ಕೇರೆಹಾವು. ಆದುದರಿಂದ ಮಣ್ಣುಮುಕ್ಕದಂತೆ ಕೇರೆಹಾವನ್ನೂ ಕೊಲ್ಲದೆ ಉಳಿಸಿಕೊಳ್ಳತಕ್ಕದ್ದು. ಇವೆರಡರ ಜೊತೆಗೆ ಮನುಷ್ಯನ ಪ್ರಯತ್ನವೂ ಸೇರಬೇಕು. ಇಲಿಯ ಹಾವಳಿಯುಳ್ಳ ತೋಟದಲ್ಲಿ ಅನುಸರಿಸತಕ್ಕ ಕ್ರಮಗಳು ಇವು:

1. ಮರದ ತಲೆಯಲ್ಲಿ ಒಣಗಿದ ಗರಿ, ಹಳೆಯ ಹೊಂಬಾಳೆ, ಬಲೆಗಳನ್ನು ಕಾಲಕಾಲಕ್ಕೆ ತೆಗೆದು ಹಸನುಮಾಡಬೇಕು. ಇಲಿಗೆ ಗೂಡು ಮಾಡಲು ಆಸರೆಯಿರಬಾರದು.

2. ನೆಲದಿಂದ ಸುಮಾರು ಎರಡು ಮೀಟರು ಎತ್ತರದಲ್ಲಿ, ಒಂದೂಕಾಲು ಅಡಿ ಅಗಲದ ತಗಡನ್ನು ಮರದ ಸುತ್ತಲೂ ಬಿಗಿಯಬೇಕು. ನುಣುಪಾದ ತಗಡಿನ ಮೇಲೆ ಇಲಿ ಹತ್ತಲಾರದು. ಗರಿಗಳು ಒಂದಕ್ಕೊಂದು ತಾಗುವಷ್ಟು ಒತ್ತಾಗಿರುವ ತೋಟದಲ್ಲಿ ಇಲಿ ಮರದಿಂದ ಮರಕ್ಕೆ ದಾಟುವುದರಿಂದ ಇದರಿಂದ ಪ್ರಯೋಜನ ಕಡಮೆ.

3. ಹಾವಳಿ ಮಿತಿಮೀರಿದರೆ ಮಾತ್ರ ಬ್ರೋಮಡಯೋಲೋನ್ ಬಿಲ್ಲೆಗಳನ್ನು ಬಳಸಬಹುದು. ಐದು ಮರಗಳಿಗೆ ಒಂದರಂತೆ, ಮರದ ತಲೆಯಲ್ಲಿ 10 ಗ್ರಾಂ ಬಿಲ್ಲೆಯನ್ನಿಟ್ಟು, 12 ದಿನಗಳ ತರುವಾಯ ಮತ್ತೊಮ್ಮೆ ಇಡತಕ್ಕದ್ದು. ವಿಷ ತಿಂದು ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಬೇಕು. ಇಲ್ಲವಾದರೆ ಅವುಗಳನ್ನು ತಿಂದ ಗೂಬೆ, ಬೆಕ್ಕು, ನಾಯಿಗಳಿಗೂ ಅಪಾಯವುಂಟು. ಬಿಲ್ಲೆಯನ್ನು ಬದುವಿನ ಬಿಲಗಳಲ್ಲಿ ಸುರಿಯುವುದು ತರವಲ್ಲ.

4. ಉಂಡೆ ಕೊಬ್ಬರಿಗಾಗಿ ಎಂಟು ಹತ್ತು ತಿಂಗಳು ಕಾಯಿಯನ್ನಿಡುವ ಅಟ್ಟಕ್ಕೆ ಇಲಿ ಹತ್ತದಂತೆ ಸಂದುಗಳನ್ನು ಮುಚ್ಚಿ, ಬೇಕಾದಲ್ಲಿ ತಂತಿಬಲೆ ಹೊಡೆಯಬೇಕು.

5. ಬದುಗಳನ್ನು ಪೂರ್ತಿಯಾಗಿ ಕಡಿದು ನೆಲಸಮ ಮಾಡಬಾರದು. ತೋಟದ ಅಂಚಿನಲ್ಲಿ ಒಂದೆರಡು ಕಲ್ಲುಗುಡ್ಡೆಗಳನ್ನೂ ಸ್ವಲ್ಪ ಮಟ್ಟೆಯ ರಾಶಿಯನ್ನೂ ಹಾಗೆಯೇ ಬಿಟ್ಟರೆ ಹಾವುಗಳಿಗೆ ನೆಲೆಯಾಗುವುದು. ಮನೆಯ ಬಳಿ ಮಾತ್ರ ಇಂಥಾ ರಾಶಿಗಳಿರಬಾರದು.

6. ರಾಶಿಯನ್ನು ತೆಗೆಯುವಾಗ ಬರಿಗೈ ಹಾಕದೆ ಮೊದಲು ಕೋಲಿನಿಂದ ಸದ್ದುಮಾಡಿ, ಉದ್ದನೆಯ ಗುದ್ದಲಿಯಿಂದ ಸರಿಸಬೇಕು. ಕಸಕ್ಕೆ ಬೆಂಕಿಯಿಡುವ ಮೊದಲು ಒಮ್ಮೆ ಕೆದಕಿ ನೋಡುವುದು ಒಳ್ಳೆಯದು.

ಗ್ರಾಮದ ಯಜಮಾನರ ಕರ್ತವ್ಯ

ಹಾವಿನ ವ್ಯಾಪಾರದ ದಳ್ಳಾಳಿ ಊರಿಗೆ ಬಂದರೆ ಮೊದಲು ಅವನ ಸುಳಿವು ಸಿಕ್ಕುವುದು ಊರಿನ ಹಿರಿಯರಿಗೆ. ಗೊತ್ತಿಲ್ಲದ ಗಾಡಿಗಳು ರಾತ್ರಿಯ ಹೊತ್ತು ತೋಟದ ಮನೆಗಳಿಗೆ ಬಂದುಹೋಗುವುದು, ಹುಡುಗರು ದೀಪ ಹಿಡಿದು ಬದುಗಳನ್ನು ಅಗೆಯುವುದು, ಕಾರಣ ಹೇಳದೆ ಸಾಲ ಎತ್ತುವುದು ಇವು ಕಂಡುಬಂದರೆ ವಿಚಾರಿಸತಕ್ಕದ್ದು. ಹಾವನ್ನು ಹಿಡಿದಿಟ್ಟುಕೊಂಡವನು ತನ್ನ ಊರಿನವನೇ ಆಗಿದ್ದರೆ ಅವನನ್ನು ಬೈದು ಬಚ್ಚಿಡುವುದರಿಂದ ಕಾರ್ಯವಾಗುವುದಿಲ್ಲ. ತಡಮಾಡದೆ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಕರೆದುಕೊಂಡುಹೋಗಿ ಹಾವನ್ನು ಒಪ್ಪಿಸುವಂತೆ ಬುದ್ಧಿ ಹೇಳಬೇಕು. ಮುಂಗಡ ಕೊಟ್ಟು ಮೋಸಹೋದವನಿಗೂ ಠಾಣೆಗೆ ಹೋಗುವ ಧೈರ್ಯ ತುಂಬಬೇಕು. ಅವನು ಸುಮ್ಮನಿದ್ದರೆ ಅದೇ ದಳ್ಳಾಳಿ ನೆರೆಯೂರಿಗೆ ಹೋಗುತ್ತಾನೆ.

ಮನೆಯೊಳಗೆ ಹಾವು ಕಾಣಿಸಿಕೊಂಡರೆ ಅದನ್ನು ದೂರದಿಂದ ನೋಡಿಕೊಂಡಿದ್ದು ಅರಣ್ಯ ಇಲಾಖೆಯವರಿಗೆ ಅಥವಾ 112ಕ್ಕೆ ತಿಳಿಸತಕ್ಕದ್ದು. ಯಾರಿಗಾದರೂ ಹಾವು ಕಡಿದರೆ, ಅದು ಮಣ್ಣುಮುಕ್ಕವೆಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು. ಕಟ್ಟು ಬಿಗಿಯುವುದು, ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಮಂತ್ರಕ್ಕಾಗಿ ಕಾಯುವುದು ಇವೆಲ್ಲವೂ ಅಪಾಯಕರ. ಕಡಿದ ಅಂಗವನ್ನು ಅಲುಗಾಡಿಸದೆ, 108ನ್ನು ಕರೆದು, ಪ್ರತಿವಿಷವಿರುವ ಆಸ್ಪತ್ರೆಗೆ ಆದಷ್ಟು ಬೇಗ ಸೇರಿಸಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವು ಆಸ್ಪತ್ರೆಗಳು ಸರ್ಕಾರಕ್ಕೆ ವರದಿಮಾಡಲೇಬೇಕಾದ ಸಂಗತಿಯೆಂದು ಪ್ರಕಟವಾಗಿದೆ.

ಸಾರಾಂಶ

ಬೋವಾ ಜಾತಿಯ ಹಾವುಗಳನ್ನು ಸೆರೆಯಲ್ಲಿಟ್ಟು ಮರಿಮಾಡಿಸುವುದು ಹೊರದೇಶಗಳಲ್ಲಿ ನಡೆಯುತ್ತಿದ್ದರೂ, ಅದು ಖರ್ಚಿನ, ನಿಧಾನದ, ರೋಗಭಯದ ಕೆಲಸ. ನಮ್ಮ ಮಣ್ಣುಮುಕ್ಕವನ್ನು ಹಾಗೆ ಸಾಕುವುದು ಶಾಸನಕ್ಕೆ ವಿರುದ್ಧ. ಅದಕ್ಕೆ ನಿಜವಾದ ಮಾರುಕಟ್ಟೆಯೂ ಇಲ್ಲ. ಲಕ್ಷದ ಮಾತೆಲ್ಲವೂ ಮುಂಗಡ ಕೀಳುವ ಉಪಾಯ. ಅದೇ ಹಾವು ಬದುವಿನಲ್ಲಿ ತನ್ನ ಪಾಡಿಗೆ ಇದ್ದರೆ ಖರ್ಚಿಲ್ಲದೆ ಇಲಿಯನ್ನು ತಗ್ಗಿಸಿ ರಾಗಿಯನ್ನು ಕಾಯುತ್ತದೆ. ಆದುದರಿಂದ ಗುದ್ದಲಿಗೆ ಮಣ್ಣುಮುಕ್ಕ ಸಿಕ್ಕಿದಾಗ ರೈತನು ಮಾಡತಕ್ಕ ಕೆಲಸ ಒಂದೇ: ಗುದ್ದಲಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅದು ಮರಳಿ ಮಣ್ಣನ್ನು ಸೇರುವವರೆಗೆ ದಾರಿ ಬಿಡುವುದು.